ಮರೆಸುವ ಬಣ್ಣ, ಮೆರೆಸುವ ಬಣ್ಣ

ಕ್ರಿಸ್ತಶಕ ೧೮೪೮ನೆಯ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ರೇವಿನಿಂದ ಬ್ರೆಜಿಲ್ ದೇಶಕ್ಕೆ ಹೊರಟ ಒಂದು ಸಣ್ಣ ಹಡಗಿನಲ್ಲಿ ಇಬ್ಬರು ತರುಣರಿದ್ದರು. ಒಬ್ಬನು ೨೩ ವರ್ಷದ ಹೆನ್ರಿ ವಾಲ್ಟರ್ ಬೇಟ್ಸ್; ಬಾಲ್ಯದಲ್ಲಿಯೇ ಶಾಲೆಯನ್ನು ಬಿಟ್ಟು ಕಾಲುಚೀಲದ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ನಿಂತವನು. ಇನ್ನೊಬ್ಬನು ೨೫ ವರ್ಷದ ಆಲ್ಫ್ರೆಡ್ ರಸೆಲ್ ವಾಲೇಸ್. ಲೆಸ್ಟರ್ ಪಟ್ಟಣದ ಪಾಠಶಾಲೆಯೊಂದರಲ್ಲಿ ಕೆಲವು ಕಾಲ ಉಪಾಧ್ಯಾಯನಾಗಿದ್ದವನು. ಇಬ್ಬರಿಗೂ ಧನಬಲವಿರಲಿಲ್ಲ, ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಕೀಟಗಳನ್ನೂ ಪಕ್ಷಿಗಳನ್ನೂ ಹಿಡಿದು ಕಳುಹಿಸಿ, ಮಾರಿ ಬಂದ ಹಣದಿಂದ ಜೀವನ ನಡೆಸುತ್ತ, ಭೂಮಿಯ ಮೇಲಿನ ಜೀವಜಾತಿಗಳು ಹೇಗೆ ಉಂಟಾದವೆಂಬುದನ್ನು ತಿಳಿಯಬೇಕೆಂಬುದೇ ಅವರ ಹಂಬಲವಾಗಿದ್ದಿತು.

ಅದೇ ೧೮೪೮ರಲ್ಲಿ, ಅವರು ಹಡಗೇರಿದ ರೇವಿಗೆ ಸುಮಾರು ೩೦ ಮೈಲಿ ದೂರದ ಮ್ಯಾಂಚೆಸ್ಟರ್ ನಗರದಲ್ಲಿ ಒಂದು ಕರಿಯ ಪತಂಗವು ಸಿಕ್ಕಿತು. ಬಿಳಿಯ ರೆಕ್ಕೆಗಳ ಮೇಲೆ ಮೆಣಸಿನ ಪುಡಿಯನ್ನು ಉದುರಿಸಿದಂತೆ ಕಪ್ಪು ಚುಕ್ಕೆಗಳಿರುವ ಆ ಜಾತಿಯಲ್ಲಿ ಪೂರ್ತಿ ಕಪ್ಪಾದುದು ಅಪರೂಪದ ವಸ್ತು. ಎಡಲ್‌ಸ್ಟನ್ ಎಂಬ ಕೀಟಸಂಗ್ರಾಹಕನು ಈ ಸಂಗತಿಯನ್ನು ೧೮೬೪ರಲ್ಲಿ ಬರೆದು ಪ್ರಕಟಿಸಿದನು. ಯಾರೂ ಅದನ್ನು ದೊಡ್ಡ ವಿಷಯವೆಂದು ಎಣಿಸಲಿಲ್ಲ. ಆದರೆ ಸಮುದ್ರವನ್ನು ದಾಟಿ ಹೋದ ತರುಣರು ಯಾವ ಪ್ರಶ್ನೆಗೆ ಉತ್ತರವನ್ನರಸಿ ಹೊರಟಿದ್ದರೋ, ಆ ಉತ್ತರದ ಒಂದು ಪಾಲು ಅವರು ಬಿಟ್ಟುಹೋದ ನಾಡಿನ ಕಲ್ಲಿದ್ದಲ ಹೊಗೆಯಲ್ಲಿಯೇ ರೆಕ್ಕೆಯಾಡಿಸುತ್ತಿದ್ದಿತು. ಈ ಎರಡು ಸಂಗತಿಗಳ ನಡುವಣ ನೂರೆಪ್ಪತ್ತು ವರ್ಷಗಳ ಕಥೆಯೇ ಪ್ರಾಣಿಗಳ ಬಣ್ಣದ ಅರ್ಥವನ್ನು ಮನುಷ್ಯನು ಓದಲು ಕಲಿತ ಕಥೆ.

ಪ್ರಾಣಿಗಳು ಬಣ್ಣದಿಂದಲೂ ಆಕಾರದಿಂದಲೂ ಕಣ್ಣನ್ನು ವಂಚಿಸುವುವೆಂಬುದು ಹೊಸದಾಗಿ ತಿಳಿದುಬಂದ ವಿಷಯವಲ್ಲ. ಬೇಡನಿಗೂ ದನಗಾಹಿಗೂ ಅದು ಎಂದಿನಿಂದಲೂ ಗೊತ್ತು. ಒಣಹುಲ್ಲಿನ ನಡುವೆ ಹುಲಿಯ ಪಟ್ಟೆಗಳು ಕಾಣದಾಗುವುದನ್ನು ಕಂಡವರು ಅನೇಕರು. ಗೋಮುಖವ್ಯಾಘ್ರವೆಂಬ ಮಾತೂ, ಮಾತು ಬದಲಿಸುವವನನ್ನು ಊಸರವಳ್ಳಿಯೆಂದು ಕರೆಯುವ ವಾಡಿಕೆಯೂ ಬೆಳೆದುದು ಇಂತಹ ನೋಟದಿಂದಲೇ. ಆದರೆ ಲೋಕದ ನೋಟವು ಎಲ್ಲ ಕಡೆಯಲ್ಲಿಯೂ ಸರಿಯಾಗಿರುವುದಿಲ್ಲ. ಊಸರವಳ್ಳಿಯು ಕುಳಿತ ಕೊಂಬೆಯ ಬಣ್ಣವನ್ನೆಲ್ಲ ತಾಳುವುದೆಂದು ಜನರು ನಂಬಿರುವರು. ಅದು ಬಣ್ಣ ಬದಲಿಸುವುದಾದರೋ ಬಹುಮಟ್ಟಿಗೆ ಎದುರಾಳಿಯನ್ನು ಬೆದರಿಸುವುದಕ್ಕೂ ಹೆಣ್ಣನ್ನು ಒಲಿಸುವುದಕ್ಕೂ ಮೈಯ ಶಾಖವನ್ನು ಹದಗೊಳಿಸುವುದಕ್ಕೂ ಆಗಿದೆ. ಅದರ ಚರ್ಮದೊಳಗೆ ಅತಿ ಸೂಕ್ಷ್ಮವಾದ ಹರಳುಗಳ ಜಾಲವಿದ್ದು, ಆ ಹರಳುಗಳ ನಡುವಣ ಅಂತರವು ಹೆಚ್ಚು ಕಡಮೆಯಾದಂತೆ ಬಣ್ಣವು ಮಾರ್ಪಡುವುದೆಂದು ೨೦೧೫ರಲ್ಲಿ ಸ್ವಿಟ್ಜರ್‌ಲೆಂಡಿನ ಪಂಡಿತರು ತೋರಿಸಿಕೊಟ್ಟರು. ಮರೆಸಲೆಂದು ತಿಳಿದ ಬಣ್ಣವು ಹೀಗೆ ಮೆರೆಸಲೆಂದೇ ಇರುವುದುಂಟು. ಆದಕಾರಣ ಯಾವ ಬಣ್ಣವು ಯಾರ ಕಣ್ಣಿಗಾಗಿ ಎಂಬುದನ್ನು ಪರೀಕ್ಷಿಸದೆ ಹೇಳಲಾಗದು. ಪರೀಕ್ಷೆಯ ಈ ಮಾರ್ಗವು ಎಷ್ಟು ದೀರ್ಘವಾಗಿದ್ದಿತು, ಅದರಲ್ಲಿ ಎಷ್ಟು ಎಡವುಗಳಿದ್ದವು ಎಂಬುದೇ ವಿಚಾರಣೀಯ.

ಬೇಟ್ಸನು ಅಮೆಜಾನ್ ನದಿಯ ಸೀಮೆಯಲ್ಲಿ ೧೧ ವರ್ಷಗಳನ್ನು ಕಳೆದನು. ಜ್ವರ, ಹಸಿವು, ಒಂಟಿತನ ಇವುಗಳನ್ನೆಲ್ಲ ಸಹಿಸಿ ೧೪,೦೦೦ಕ್ಕೂ ಮೇಲ್ಪಟ್ಟ ಜಾತಿಯ ಪ್ರಾಣಿಗಳನ್ನು ಸಂಗ್ರಹಿಸಿದನು. ಅವುಗಳಲ್ಲಿ ಹೆಚ್ಚಿನವು ಕೀಟಗಳು, ಸುಮಾರು ೮,೦೦೦ ಜಾತಿಗಳು ವಿದ್ವಾಂಸರಿಗೆ ಅದುವರೆಗೆ ತಿಳಿಯದವು. ಅಲ್ಲಿನ ಕಾಡುಗಳಲ್ಲಿ ಉಜ್ಜ್ವಲವರ್ಣದ, ಮೆಲ್ಲಮೆಲ್ಲನೆ ಹಾರುವ ಒಂದು ಬಗೆಯ ಚಿಟ್ಟೆಗಳ ಹಿಂಡುಗಳನ್ನು ಅವನು ಕಂಡನು. ಅವುಗಳಿಗೆ ಯಾರ ಭಯವೂ ಇದ್ದಂತೆ ತೋರಲಿಲ್ಲ. ಹಕ್ಕಿಗಳು ಅವುಗಳನ್ನು ಮುಟ್ಟುತ್ತಿರಲಿಲ್ಲ. ಏಕೆಂದರೆ ಅವುಗಳ ಮೈ ಕೆಟ್ಟ ರುಚಿಯುಳ್ಳದ್ದು. ಇಂತಹ ಹಿಂಡಿನಲ್ಲಿ ಹಿಡಿದ ಚಿಟ್ಟೆಗಳನ್ನು ಕೈಯಲ್ಲಿಟ್ಟುಕೊಂಡು ನೋಡುವಾಗ, ಅವುಗಳಲ್ಲಿ ಕೆಲವು ಆ ಕುಲಕ್ಕೇ ಸೇರಿದವಲ್ಲವೆಂಬುದು ಅವನಿಗೆ ಗೋಚರವಾಯಿತು. ಅವು ನಮ್ಮ ತೋಟಗಳಲ್ಲಿಯೂ ಕಾಣುವ ಸಾಧಾರಣ ಬಿಳಿಯ ಚಿಟ್ಟೆಗಳ ಬಳಗದವು. ಹಕ್ಕಿಗಳಿಗೆ ಒಳ್ಳೆಯ ಆಹಾರ. ಆದರೆ ಬಣ್ಣದಲ್ಲಿಯೂ ಹಾರಾಟದಲ್ಲಿಯೂ ಕೆಟ್ಟ ರುಚಿಯ ಚಿಟ್ಟೆಗಳನ್ನೇ ಹೋಲುತ್ತಿದ್ದವು.

ಇದಕ್ಕಿಂತ ಆಶ್ಚರ್ಯಕರವಾದ ಸಂಗತಿ ಇನ್ನೊಂದು. ನದಿಯ ಉದ್ದಕ್ಕೂ ಸೀಮೆಯಿಂದ ಸೀಮೆಗೆ ಹೋದಂತೆ ಮೂಲದ ಚಿಟ್ಟೆಯ ಬಣ್ಣವು ಬದಲಾಗುತ್ತಿದ್ದಿತು. ಅನುಕರಿಸುವ ಚಿಟ್ಟೆಯ ಬಣ್ಣವೂ ಅದಕ್ಕೆ ತಕ್ಕಂತೆ ಬದಲಾಗುತ್ತಿದ್ದಿತು. ೧೮೬೧ನೆಯ ನವೆಂಬರಿನಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯಲ್ಲಿ ಓದಿ, ಮರುವರ್ಷ ಅಚ್ಚಾದ ಲೇಖನದಲ್ಲಿ ಬೇಟ್ಸನು ಇದರ ಕಾರಣವನ್ನು ವಿವರಿಸಿದನು. ತಿನ್ನಲು ಯೋಗ್ಯವಾದ ಚಿಟ್ಟೆಗಳಲ್ಲಿ ಯಾವುವು ಹುಟ್ಟಿನಿಂದ ಅಷ್ಟಿಷ್ಟು ಕಹಿ ಚಿಟ್ಟೆಯನ್ನು ಹೋಲುವುವೋ ಅವುಗಳನ್ನು ಹಕ್ಕಿಗಳು ಕೆಲವು ವೇಳೆ ಮೋಸಹೋಗಿ ಬಿಟ್ಟುಬಿಡುವುವು. ಉಳಿದವುಗಳ ಸಂತಾನದಲ್ಲಿ ಇನ್ನೂ ಹೆಚ್ಚಾಗಿ ಹೋಲುವುವು ಉಳಿಯುವುವು. ಹೀಗೆ ತಲೆಮಾರುಗಳು ಕಳೆದಂತೆ ಹಕ್ಕಿಯ ಕಣ್ಣೇ ಚಿತ್ರಕಾರನಾಗಿ ರೆಕ್ಕೆಯ ಮೇಲೆ ಬಣ್ಣವನ್ನು ತಿದ್ದುವುದು. ಡಾರ್ವಿನ್ನನ ಸಿದ್ಧಾಂತ ಪ್ರಕಟವಾಗಿ ಆಗಿನ್ನೂ ಎರಡೇ ವರ್ಷವಾಗಿದ್ದಿತು. ಪ್ರಕೃತಿಯ ಆಯ್ಕೆಯೆಂಬ ಆ ಸಿದ್ಧಾಂತಕ್ಕೆ ಕಾಡಿನಿಂದಲೇ ಬಂದ ಮೊದಲ ಬಲವಾದ ಸಾಕ್ಷ್ಯಗಳಲ್ಲಿ ಇದೂ ಒಂದಾದುದರಿಂದ ಡಾರ್ವಿನ್ನನು ಬಹು ಸಂತೋಷಪಟ್ಟು ಬೇಟ್ಸನ ಲೇಖನವನ್ನು ಪ್ರಶಂಸಿಸಿ ತಾನೇ ವಿಮರ್ಶೆ ಬರೆದನು. ಮುಂದೆ ಬ್ರೆಜಿಲಿನಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯೂಲರ್ ಎಂಬ ಜರ್ಮನ್ ಪಂಡಿತನು, ಕಹಿಯಾದ ಎರಡು ಜಾತಿಗಳೂ ಪರಸ್ಪರ ಹೋಲುವುದುಂಟೆಂದೂ, ಹಾಗೆ ಹೋಲುವುದರಿಂದ ಎಳೆಯ ಹಕ್ಕಿಗಳಿಗೆ ಪಾಠ ಕಲಿಸುವ ನಷ್ಟವನ್ನು ಎರಡೂ ಹಂಚಿಕೊಳ್ಳುವುವೆಂದೂ ೧೮೭೮ರ ಸುಮಾರಿಗೆ ತೋರಿಸಿದನು.

ವಾಲೇಸನ ಪಾಲಿಗೆ ಬಂದುದು ಬೇರೊಂದು ದಾರಿ. ಅಮೆಜಾನಿನಿಂದ ೧೮೫೨ರಲ್ಲಿ ಹಿಂದಿರುಗುವಾಗ ಹಡಗಿಗೆ ಬೆಂಕಿ ಬಿದ್ದು ಅವನ ಸಂಗ್ರಹದ ಬಹುಭಾಗ ನಾಶವಾಯಿತು. ಎದೆಗುಂದದೆ ೧೮೫೪ರಲ್ಲಿ ಅವನು ಮಲಯ ದ್ವೀಪಗಳಿಗೆ ಹೊರಟು ಎಂಟು ವರ್ಷ ಅಲೆದನು. ಸುಮಾತ್ರಾ ದ್ವೀಪದಲ್ಲಿ ಅವನು ಕಂಡ ಒಂದು ಚಿಟ್ಟೆಯು ಹಾರುವಾಗ ನೇರಳೆ ಮತ್ತು ಕಿತ್ತಳೆ ಬಣ್ಣಗಳಿಂದ ಥಳಥಳಿಸುತ್ತಿದ್ದು, ಕುಳಿತೊಡನೆ ಒಣಗಿದ ಎಲೆಯಾಗಿಬಿಡುತ್ತಿದ್ದಿತು. ಮಡಿಸಿದ ರೆಕ್ಕೆಯ ಕೆಳಭಾಗದಲ್ಲಿ ಎಲೆಯ ನಡುನಾಳ, ತೊಟ್ಟು, ಬೂಷ್ಟಿನ ಕಲೆ ಎಲ್ಲವೂ ಇದ್ದವು. ಅದೇ ಕುಲದ ಎಲೆಚಿಟ್ಟೆಯೊಂದು ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿಯೂ ಇದೆ. ಒಂದೇ ಜೀವಿಯ ಒಂದೇ ರೆಕ್ಕೆಯಲ್ಲಿ ಮೇಲ್ಭಾಗವು ಮೆರೆಯುವುದಕ್ಕೂ ಕೆಳಭಾಗವು ಮರೆಯಾಗುವುದಕ್ಕೂ ಏರ್ಪಟ್ಟಿರುವುದನ್ನು ಕಂಡ ಮೇಲೆ, ಈ ಎರಡನ್ನೂ ಒಟ್ಟಿಗೆ ವಿಚಾರಿಸದೆ ಗತಿಯಿಲ್ಲವಾಯಿತು.

ಮೆರೆಯುವ ಬಣ್ಣದ ವಿಷಯದಲ್ಲಿ ಡಾರ್ವಿನ್ನನಿಗೆ ಬಹುಕಾಲ ನೆಮ್ಮದಿಯಿರಲಿಲ್ಲ. ನವಿಲಿನ ಗರಿಯನ್ನು ನೋಡಿದಾಗಲೆಲ್ಲ ತನಗೆ ಸಂಕಟವಾಗುವುದೆಂದು ಅವನು ೧೮೬೦ರ ಏಪ್ರಿಲಿನಲ್ಲಿ ಅಮೆರಿಕದ ಮಿತ್ರನೊಬ್ಬನಿಗೆ ಬರೆದನು. ಭಾರತೀಯ ಕವಿಗಳಿಗೆ ಆನಂದದ ಆಕರವಾದ ವಸ್ತುವು ಆ ಪಂಡಿತನಿಗೆ ವ್ಯಥೆಯ ಕಾರಣವಾದುದು ವಿನೋದವಲ್ಲವೆ? ಪ್ರಾಣವನ್ನು ಉಳಿಸುವ ಗುಣಗಳೇ ಬೆಳೆಯುವುದಾದರೆ, ಹಾರಲು ಭಾರವಾಗಿ ಶತ್ರುವಿನ ಕಣ್ಣಿಗೆ ಮೊದಲು ಬೀಳುವ ಆ ಗರಿಯ ಹೊರೆ ಬೆಳೆದುದು ಹೇಗೆ ಎಂಬುದೇ ಅವನ ಕೊರಗು. ೧೮೭೧ರ ಗ್ರಂಥದಲ್ಲಿ ಅವನು ಸಮಾಧಾನ ಹೇಳಿದನು. ನವಿಲುಗಳಲ್ಲಿ ನಡೆಯುವುದು ಒಂದು ಬಗೆಯ ಸ್ವಯಂವರ. ಹೆಣ್ಣು ಆರಿಸಿದ ಗಂಡಿನ ಸಂತಾನವೇ ಹೆಚ್ಚುವುದರಿಂದ, ತಲೆಮಾರುಗಳ ಆಯ್ಕೆಯಿಂದ ಗರಿಗಳು ಬೆಳೆದವು ಎಂಬುದು ಅವನ ಮತ. ವಾಲೇಸನು ಇದನ್ನು ಒಪ್ಪಲಿಲ್ಲ. ಪಕ್ಷಿಗೆ ಅಷ್ಟು ಸೂಕ್ಷ್ಮವಾದ ಅಭಿರುಚಿಯಿರುವುದು ಸಾಧ್ಯವೆ ಎಂಬುದು ಅವನ ಆಕ್ಷೇಪ. ಗಂಡಿನ ಮೆರುಗಿಗಿಂತ ಹೆಣ್ಣಿನ ಮಾಸಲು ಬಣ್ಣವೇ ವಿವರಿಸಬೇಕಾದದ್ದೆಂದೂ, ನೆಲದ ಮೇಲೆ ಕಾವು ಕೂರುವ ಹೆಣ್ಣು ಮಣ್ಣಿನಲ್ಲಿ ಮಣ್ಣಾಗಿರದಿದ್ದರೆ ವಂಶವೇ ಉಳಿಯದೆಂದೂ ಅವನು ವಾದಿಸಿದನು.

ಈ ವಿವಾದವು ಇಂದಿಗೂ ಪೂರ್ತಿ ತೀರಿಲ್ಲ. ಇಂಗ್ಲೆಂಡಿನ ವಿಪ್ಸ್‌ನೇಡ್ ಉದ್ಯಾನದ ನವಿಲುಗಳನ್ನು ಪರೀಕ್ಷಿಸಿದ ಮೇರಿಯನ್ ಪೆಟ್ರಿ ಎಂಬ ವಿದುಷಿಯು, ಗರಿಗಳಲ್ಲಿ ಹೆಚ್ಚು ಕಣ್ಣುಗಳುಳ್ಳ ಗಂಡುಗಳನ್ನೇ ಹೆಣ್ಣುಗಳು ಹೆಚ್ಚಾಗಿ ವರಿಸುವುವೆಂದು ೧೯೯೧ರಲ್ಲಿ ಪ್ರಕಟಿಸಿದಳು. ಜಪಾನಿನಲ್ಲಿ ಏಳು ವರ್ಷ ಪರೀಕ್ಷೆ ನಡೆಸಿದ ಪಂಡಿತರು ತಮಗೆ ಅಂತಹ ಸಂಬಂಧವೇ ಕಾಣಲಿಲ್ಲವೆಂದು ೨೦೦೮ರಲ್ಲಿ ಪ್ರಕಟಿಸಿದರು. ನವಿಲಿನ ನೃತ್ಯವನ್ನು ಸಾವಿರಾರು ವರ್ಷಗಳಿಂದ ನೋಡುತ್ತಿರುವ ಮನುಷ್ಯನಿಗೆ, ಹೆಣ್ಣು ನವಿಲು ಅದರಲ್ಲಿ ಏನನ್ನು ನೋಡುವುದೆಂಬುದು ಇನ್ನೂ ವಿಚಾರದ ವಿಷಯವಾಗಿಯೇ ಉಳಿದಿದೆ.

ಡಾರ್ವಿನ್ನನ ಸ್ವಯಂವರವಾದಕ್ಕೆ ಎದುರಾದ ಇನ್ನೊಂದು ಪೂರ್ವಪಕ್ಷವು ಕಂಬಳಿಹುಳುವಿನದು. ಮರಿಹುಳುಗಳಿಗೆ ಕೂಟವಿಲ್ಲ, ಹಾಗಿದ್ದೂ ಅವುಗಳಲ್ಲಿ ಕೆಲವಕ್ಕೆ ಕೆಂಪು, ಹಳದಿ, ಕಪ್ಪು ಬಣ್ಣಗಳ ಆಡಂಬರವೇಕೆ? ೧೮೬೭ರಲ್ಲಿ ಡಾರ್ವಿನ್ನನು ಇದನ್ನು ಬೇಟ್ಸನಲ್ಲಿ ಕೇಳಲು, ಬೇಟ್ಸನು ವಾಲೇಸನನ್ನು ಕೇಳುವಂತೆ ಹೇಳಿದನು. ವಾಲೇಸನ ಉತ್ತರವು ಸರಳವಾಗಿದ್ದಿತು. ಮರಿಹುಳುವಿನ ಚರ್ಮ ಬಹು ತೆಳು. ಹಕ್ಕಿಯು ಒಮ್ಮೆ ಕುಕ್ಕಿ, ಕಹಿಯೆಂದು ಉಗುಳಿದರೂ ಹುಳುವು ಸತ್ತಂತೆಯೇ. ಆದುದರಿಂದ ಕಹಿಯಾಗಿದ್ದರೆ ಸಾಲದು. ಕಹಿಯೆಂಬುದು ಕುಕ್ಕುವ ಮೊದಲೇ ತಿಳಿಯಬೇಕು. ಆ ಬಣ್ಣಗಳು ಎಚ್ಚರಿಕೆಯ ಫಲಕಗಳು. ಜೆನ್ನರ್ ವಿಯರ್ ಎಂಬವನು ತಾನು ಸಾಕಿದ ಹಕ್ಕಿಗಳಿಗೆ ಬಗೆಬಗೆಯ ಹುಳುಗಳನ್ನು ಹಾಕಿ ನೋಡಿ, ಹಸಿರಾದ ನುಣುಪಾದ ಹುಳುಗಳನ್ನು ಅವು ತಿಂದು, ಉಜ್ಜ್ವಲವರ್ಣದ ಹುಳುಗಳನ್ನು ಬಿಟ್ಟವೆಂದು ೧೮೬೯ರಲ್ಲಿ ವರದಿ ಮಾಡಿದನು. ಊಹೆಯು ಪರೀಕ್ಷೆಯಲ್ಲಿ ನಿಂತಿತು.

ಒಂದು ತತ್ತ್ವವು ಜಯಿಸಿತೆಂದರೆ ಅದನ್ನು ಎಲ್ಲ ಕಡೆಗೂ ಹಚ್ಚುವ ಚಾಪಲ್ಯವು ಹುಟ್ಟುವುದು ಸಹಜ. ಅಮೆರಿಕದ ಚಿತ್ರಕಾರನಾದ ಅಬಟ್ ಥೇಯರ್ ೧೮೯೬ರಲ್ಲಿ ಒಂದು ಉತ್ತಮವಾದ ಸಂಗತಿಯನ್ನು ಕಂಡುಹಿಡಿದನು. ಜಿಂಕೆ ಮೊದಲಾದ ಅನೇಕ ಪ್ರಾಣಿಗಳ ಬೆನ್ನು ಕಪ್ಪಾಗಿಯೂ ಹೊಟ್ಟೆ ಬೆಳ್ಳಗಾಗಿಯೂ ಇರುವುದೇಕೆ? ಬೆಳಕು ಮೇಲಿನಿಂದ ಬೀಳುವುದರಿಂದ ಬೆನ್ನು ಹೊಳೆದು ಹೊಟ್ಟೆಯ ಮೇಲೆ ನೆರಳು ಬೀಳುವುದು. ಮೈಯ ಬಣ್ಣವು ಇದಕ್ಕೆ ವಿರುದ್ಧವಾಗಿದ್ದರೆ ಬೆಳಕೂ ನೆರಳೂ ಒಂದನ್ನೊಂದು ಅಳಿಸಿ, ಗುಂಡಾದ ಮೈ ಚಪ್ಪಟೆಯಾಗಿ ಕಂಡು ಹಿನ್ನೆಲೆಯಲ್ಲಿ ಲೀನವಾಗುವುದು. ಇದು ಚಿತ್ರಕಾರನ ಕಣ್ಣಿಗೇ ಸಲ್ಲುವ ಶೋಧ. ಆದರೆ ೧೯೦೯ರಲ್ಲಿ ಅವನೂ ಅವನ ಮಗನೂ ಸೇರಿ ಹೊರತಂದ ಗ್ರಂಥದಲ್ಲಿ ಸಕಲ ಪ್ರಾಣಿಗಳ ಸಕಲ ವರ್ಣಗಳೂ ಅಡಗುವುದಕ್ಕಾಗಿಯೇ ಇರುವುವೆಂಬ ಹಟವು ತಲೆದೋರಿತು. ಗುಲಾಬಿ ಬಣ್ಣದ ರಾಜಹಂಸಗಳು ಸಂಧ್ಯಾಕಾಲದ ಆಕಾಶದಲ್ಲಿ ಕಾಣದಾಗಲೆಂದೇ ಆ ಬಣ್ಣವನ್ನು ತಳೆದಿವೆಯೆಂದು ಕೂಡ ಅವನು ವಾದಿಸಿದನು. ಹಗಲೆಲ್ಲ ಎದ್ದುಕಾಣುವ ಹಕ್ಕಿಗೆ ಒಂದು ಗಳಿಗೆಯ ಮರೆಯಿಂದ ಬರುವ ಲಾಭವೇನು? ಬೇಟೆಯಲ್ಲಿ ಪಳಗಿದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನು ಈ ವಾದವನ್ನು ಬಲವಾಗಿ ಖಂಡಿಸಿದನು. ತರ್ಕಶಾಸ್ತ್ರದಲ್ಲಿ ಇಂತಹ ದೋಷಕ್ಕೆ ಅತಿವ್ಯಾಪ್ತಿಯೆಂದು ಹೆಸರು. ಲಕ್ಷಣವು ಸರಿಯಾಗಿಯೇ ಇದ್ದು, ಸಲ್ಲದ ಕಡೆಗೂ ಅದನ್ನು ಚಾಚಿದುದರಿಂದ ಥೇಯರನ ನಿಜವಾದ ಶೋಧವೂ ಕೆಲವು ಕಾಲ ನಗೆಗೀಡಾಯಿತು. ಪ್ರಾಣಿಗಳ ಬಣ್ಣವನ್ನು ಕುರಿತು ೧೯೪೦ರಲ್ಲಿ ದೊಡ್ಡ ಗ್ರಂಥವನ್ನು ಬರೆದ ಹ್ಯೂ ಕಾಟ್ ಎಂಬ ಪಂಡಿತನು ಅದನ್ನು ಅದರ ಮೇರೆಯೊಳಗಿಟ್ಟು ಪುನಃ ಸ್ಥಾಪಿಸಿದನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಮರೆಮಾಚುವ ವಿದ್ಯೆಯನ್ನು ಕಲಿಸಿದವರಲ್ಲಿ ಅವನೂ ಒಬ್ಬನು.

ಇನ್ನು ಮ್ಯಾಂಚೆಸ್ಟರಿನ ಪತಂಗದ ಕಡೆಗೆ ತಿರುಗಬಹುದು. ಬಿಸ್ಟನ್ ಬೆಟುಲೇರಿಯಾ ಎಂಬುದು ಅದರ ಶಾಸ್ತ್ರೀಯ ನಾಮ. ಅದು ರಾತ್ರಿ ಹಾರುವುದು, ಹಗಲೆಲ್ಲ ಮರದ ಮೇಲೆ ಅಲುಗದೆ ಕುಳಿತಿರುವುದು. ಕಲ್ಲುಹೂವು ಹಬ್ಬಿದ ತೊಗಟೆಯ ಮೇಲೆ ಬಿಳಿಯ ಪತಂಗವು ಇದ್ದೂ ಇಲ್ಲದಂತಿರುವುದು. ಕಾರ್ಖಾನೆಗಳು ಹೆಚ್ಚಿದಂತೆ ಗಂಧಕದ ಹೊಗೆಯಿಂದ ಕಲ್ಲುಹೂವು ಸತ್ತಿತು. ಮಸಿಯಿಂದ ಮರಗಳು ಕಪ್ಪಾದವು. ೧೮೪೮ರಲ್ಲಿ ಅಪರೂಪವಾಗಿದ್ದ ಕರಿಯ ಪತಂಗಗಳು ೧೮೯೫ರ ಹೊತ್ತಿಗೆ ಮ್ಯಾಂಚೆಸ್ಟರ್ ಸುತ್ತಿನಲ್ಲಿ ನೂರಕ್ಕೆ ೯೮ರಷ್ಟಾದವು. ಕಪ್ಪು ಮರದ ಮೇಲೆ ಬಿಳಿಯದು ಹಕ್ಕಿಯ ಪಾಲಾಗಿ ಕರಿಯದು ಉಳಿಯುವುದೇ ಇದಕ್ಕೆ ಕಾರಣವೆಂದು ಟಟ್ ಎಂಬ ಕೀಟಶಾಸ್ತ್ರಜ್ಞನು ೧೮೯೬ರಲ್ಲಿ ಸೂಚಿಸಿದನು. ೧೯೨೪ರಲ್ಲಿ ಹಾಲ್ಡೇನನು ಲೆಕ್ಕ ಹಾಕಿ, ಇಷ್ಟು ಅಲ್ಪಕಾಲದಲ್ಲಿ ಇಷ್ಟು ಹೆಚ್ಚಬೇಕಾದರೆ ಕರಿಯ ಪತಂಗವು ಬಿಳಿಯದಕ್ಕಿಂತ ಸುಮಾರು ಒಂದೂವರೆಯಷ್ಟು ಸಂತಾನವನ್ನು ಉಳಿಸಿರಬೇಕೆಂದು ತೋರಿಸಿದನು. ಈ ಹಾಲ್ಡೇನನೇ ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪೌರನಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವನು. ಆದರೆ ಲೆಕ್ಕವು ಲೆಕ್ಕವೇ. ಹಕ್ಕಿಗಳು ನಿಜವಾಗಿ ಪತಂಗಗಳನ್ನು ಆರಿಸಿ ತಿನ್ನುವುದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಆ ಪರೀಕ್ಷೆಯನ್ನು ಕೈಕೊಂಡವನು ಬರ್ನಾರ್ಡ್ ಕೆಟಲ್‌ವೆಲ್. ವೈದ್ಯವೃತ್ತಿಯನ್ನು ಬಿಟ್ಟು ಆಕ್ಸ್‌ಫರ್ಡಿಗೆ ಬಂದವನು. ನೈಯಾಯಿಕರು ಕಾರ್ಯಕಾರಣಗಳ ಸಂಬಂಧವನ್ನು ಅನ್ವಯದಿಂದಲೂ ವ್ಯತಿರೇಕದಿಂದಲೂ ನಿಶ್ಚಯಿಸಬೇಕೆನ್ನುವರು. ಕಾರಣವಿರುವೆಡೆ ಕಾರ್ಯವಿರಬೇಕು, ಕಾರಣವಿಲ್ಲದೆಡೆ ಕಾರ್ಯವೂ ಇರಬಾರದು. ಕೆಟಲ್‌ವೆಲ್ಲನು ತಿಳಿದೋ ತಿಳಿಯದೆಯೋ ಅದೇ ಮಾರ್ಗವನ್ನು ಹಿಡಿದನು. ೧೯೫೩ರಲ್ಲಿ ಮಸಿ ಹಿಡಿದ ಬರ್ಮಿಂಗ್‌ಹ್ಯಾಮ್ ಸಮೀಪದ ಕಾಡಿನಲ್ಲಿ ರೆಕ್ಕೆಯ ಅಡಿಯಲ್ಲಿ ಗುರುತು ಹಾಕಿದ ೪೪೭ ಕರಿಯ ಪತಂಗಗಳನ್ನೂ ೧೩೭ ಬಿಳಿಯ ಪತಂಗಗಳನ್ನೂ ಬಿಟ್ಟನು. ಪುನಃ ಬಲೆಗೆ ಬಿದ್ದವುಗಳಲ್ಲಿ ಕರಿಯವು ೧೨೩, ಬಿಳಿಯವು ೧೮. ಎಂದರೆ ಕರಿಯವು ನೂರಕ್ಕೆ ೨೭ಕ್ಕಿಂತ ಹೆಚ್ಚು, ಬಿಳಿಯವು ನೂರಕ್ಕೆ ೧೩ ಮಾತ್ರ. ೧೯೫೫ರಲ್ಲಿ ಹೊಗೆಯ ಸೋಂಕಿಲ್ಲದ ಡಾರ್ಸೆಟ್ ಪ್ರಾಂತದ ಕಾಡಿನಲ್ಲಿ ೪೭೩ ಕರಿಯವನ್ನೂ ೪೯೬ ಬಿಳಿಯವನ್ನೂ ಬಿಡಲು, ಕರಿಯವು ೩೦ ಮಾತ್ರ ಉಳಿದು ಸಿಕ್ಕಿದವು, ಬಿಳಿಯವು ೬೨. ಸ್ಥಳ ತಿರುಗಿದೊಡನೆ ಫಲವೂ ತಲೆಕೆಳಗಾಯಿತು. ಟಿನ್‌ಬರ್ಗನ್ ಎಂಬ ಪ್ರಸಿದ್ಧ ಪಂಡಿತನು ಹಕ್ಕಿಗಳು ಪತಂಗಗಳನ್ನು ಹೆಕ್ಕುವುದನ್ನು ಚಲಚ್ಚಿತ್ರದಲ್ಲಿಯೂ ಹಿಡಿದನು. ಕರಿಯ ಪತಂಗ ಬಿಳಿಯ ಪತಂಗಗಳ ಚಿತ್ರವು ದೇಶದೇಶಗಳ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಿತು.

ಇಷ್ಟರಲ್ಲಿ ಪ್ರಕೃತಿಯೇ ಮತ್ತೊಂದು ಪರೀಕ್ಷೆಯನ್ನು ಒಡ್ಡಿತು. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ವಿಷಧೂಮದಿಂದ ಸಾವಿರಾರು ಜನರು ಮಡಿದ ಮೇಲೆ, ೧೯೫೬ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ನಿರ್ಮಲವಾಯುವಿನ ಶಾಸನವನ್ನು ಮಾಡಿತು. ಹೊಗೆ ಕಡಮೆಯಾಯಿತು, ಮರಗಳು ತಿಳಿಯಾದವು. ಬೇಟ್ಸ್ ವಾಲೇಸರು ಹಡಗೇರಿದ ಲಿವರ್‌ಪೂಲಿನ ಸಮೀಪದಲ್ಲಿಯೇ ವೈದ್ಯನಾದ ಸಿರಿಲ್ ಕ್ಲಾರ್ಕನು ೧೯೫೯ರಿಂದ ಪ್ರತಿವರ್ಷ ಪತಂಗಗಳನ್ನು ಹಿಡಿದು ಎಣಿಸಿದನು. ಮೊದಲು ನೂರಕ್ಕೆ ೯೦ಕ್ಕೂ ಮೇಲ್ಪಟ್ಟಿದ್ದ ಕರಿಯವು ೧೯೯೦ರ ದಶಕದಲ್ಲಿ ೨೦ರ ಆಸುಪಾಸಿಗೆ ಇಳಿದವು. ಕಾರಣವು ಹೋದಂತೆ ಕಾರ್ಯವೂ ಹೋಯಿತು.

ಹೀಗಿದ್ದರೂ ಕೆಟಲ್‌ವೆಲ್ಲನ ಪರೀಕ್ಷೆಯಲ್ಲಿ ಲೋಪಗಳಿರಲಿಲ್ಲವೆಂದಲ್ಲ. ರಾತ್ರಿ ಹಾರುವ ಪತಂಗಗಳನ್ನು ಅವನು ಹಗಲಿನಲ್ಲಿ ಮರಗಳ ಮೇಲೆ ಬಿಟ್ಟಿದ್ದನು. ಅವು ತಮ್ಮ ಇಚ್ಛೆಯಂತೆ ಸ್ಥಳವನ್ನು ಆರಿಸಿಕೊಳ್ಳಲು ಅವಕಾಶವಿರಲಿಲ್ಲ. ಒಂದೇ ಕಾಡಿನಲ್ಲಿ ಸಹಜಕ್ಕಿಂತ ಹೆಚ್ಚು ಪತಂಗಗಳನ್ನು ತುಂಬಿದ್ದನು. ಪಠ್ಯಪುಸ್ತಕಗಳ ಕೆಲವು ಚಿತ್ರಗಳಂತೂ ಸತ್ತ ಪತಂಗಗಳನ್ನು ಬೊಡ್ಡೆಗೆ ಚುಚ್ಚಿ ತೆಗೆದವಾಗಿದ್ದವು. ಕೇಂಬ್ರಿಜಿನ ಮೈಕೆಲ್ ಮಜೇರಸ್ ಎಂಬ ಪಂಡಿತನು ೧೯೯೮ರ ತನ್ನ ಗ್ರಂಥದಲ್ಲಿ ಈ ಲೋಪಗಳನ್ನು ಮರೆಮಾಚದೆ ಎತ್ತಿ ಹೇಳಿದನು. ಮೂಲಸಿದ್ಧಾಂತವು ಸರಿಯೆಂದೂ ಹೇಳಿದನು. ಓದಿದವರಲ್ಲಿ ಕೆಲವರು ಮೊದಲ ಮಾತನ್ನು ಮಾತ್ರ ಹಿಡಿದು ಎರಡನೆಯದನ್ನು ಬಿಟ್ಟರು. ಈ ದೃಷ್ಟಾಂತವೇ ಬಿದ್ದುಹೋಯಿತೆಂಬ ಪ್ರವಾದವು ಹಬ್ಬಿತು. ಜೀವವಿಕಾಸವಾದವನ್ನೇ ಒಪ್ಪದವರು ಇದನ್ನು ಆಯುಧವಾಗಿ ಮಾಡಿಕೊಂಡರು. ೨೦೦೨ರಲ್ಲಿ ಪ್ರಕಟವಾದ ಒಂದು ಪುಸ್ತಕವು ಕೆಟಲ್‌ವೆಲ್ಲನ ಪ್ರಾಮಾಣಿಕತೆಯನ್ನೇ ಶಂಕಿಸಿತು. ಅವನಾದರೋ ೧೯೭೯ರಲ್ಲಿಯೇ ತೀರಿಕೊಂಡಿದ್ದನು. ಉತ್ತರ ಹೇಳಲು ಸ್ವರ್ಗಸ್ಥನಿಗೆ ಬಾಯಿಲ್ಲ.

ಇಂತಹ ವೇಳೆಯಲ್ಲಿ ವಾಗ್ವಾದಕ್ಕೆ ಇಳಿಯುವವರು ಬಹಳ. ಪರೀಕ್ಷೆಯನ್ನು ಮೊದಲಿನಿಂದ ಪುನಃ ಮಾಡುವವರು ವಿರಳ. ಮಜೇರಸನು ಆ ಎರಡನೆಯ ಮಾರ್ಗವನ್ನು ಹಿಡಿದನು. ಕೇಂಬ್ರಿಜಿನ ತನ್ನ ಮನೆಯ ತೋಟದಲ್ಲಿ ಮರಗಳನ್ನು ಹತ್ತಿಳಿದು, ಸಹಜವಾಗಿ ಕುಳಿತ ೧೩೫ ಪತಂಗಗಳ ಸ್ಥಾನಗಳನ್ನು ಗುರುತಿಸಿದನು. ಅವುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಂಬೆಗಳ ಮೇಲಿದ್ದವು. ಬೊಡ್ಡೆಯ ಮೇಲೆ ಕುಳಿತವೂ ಮೂರನೆಯ ಒಂದು ಪಾಲಿಗೆ ಕಡಮೆಯಿರಲಿಲ್ಲ. ಪತಂಗಗಳನ್ನು ರಾತ್ರಿಯೇ ಬಲೆಯ ಚೀಲಗಳೊಳಗೆ ಕೊಂಬೆಗಳ ಮೇಲೆ ಬಿಟ್ಟು, ಅವು ತಾವಾಗಿ ನೆಲೆಗೊಂಡ ಮೇಲೆ ಬೆಳಕು ಹರಿಯುವ ಮುನ್ನ ಬಲೆಯನ್ನು ತೆಗೆದು, ಯಾವುವು ಉಳಿದವು, ಯಾವುವು ಹೋದವೆಂದು ನೋಡಿದನು. ಹೆಚ್ಚು ಪತಂಗಗಳನ್ನು ಒಂದೆಡೆ ತುಂಬಲಿಲ್ಲ. ಆರು ವರ್ಷಗಳಲ್ಲಿ ಒಟ್ಟು ೪,೮೬೪ ಪತಂಗಗಳು ಹೀಗೆ ಪರೀಕ್ಷೆಗೆ ಒಳಗಾದವು. ಒಂಬತ್ತು ಜಾತಿಯ ಹಕ್ಕಿಗಳು ಅವುಗಳನ್ನು ತಿಂದುದನ್ನು ಅವನು ದೂರದರ್ಶಕದಿಂದ ತನ್ನ ಕಣ್ಣಾರೆ ಕಂಡನು. ತಿಳಿಯಾದ ಆ ತೋಟದಲ್ಲಿ ಕರಿಯವು ಬಿಳಿಯವಕ್ಕಿಂತ ಸ್ಪಷ್ಟವಾಗಿ ಹೆಚ್ಚು ನಾಶವಾದವು. ಅಲ್ಲಿನ ಪತಂಗಗಳಲ್ಲಿ ೨೦೦೧ರಲ್ಲಿ ನೂರಕ್ಕೆ ೧೨ರಷ್ಟಿದ್ದ ಕರಿಯವು ೨೦೦೭ರ ವೇಳೆಗೆ ನೂರಕ್ಕೆ ಒಂದಕ್ಕೆ ಇಳಿದಿದ್ದವು. ಪರೀಕ್ಷೆಯಲ್ಲಿ ಕಂಡ ಹಕ್ಕಿಗಳ ಆಯ್ಕೆಯು ಈ ಇಳಿತಕ್ಕೆ ಸಾಕಾಗುವಷ್ಟಿದ್ದಿತು.

ಮಜೇರಸನು ಈ ಫಲವನ್ನು ೨೦೦೭ರಲ್ಲಿ ಸ್ವೀಡನ್ನಿನ ಉಪ್ಸಾಲಾ ನಗರದ ವಿದ್ವತ್ಸಭೆಯಲ್ಲಿ ನಿವೇದಿಸಿದನು. ಲೇಖನವಾಗಿ ಪ್ರಕಟಿಸುವುದಕ್ಕೆ ಮೊದಲೇ, ೨೦೦೯ನೆಯ ಜನವರಿಯಲ್ಲಿ, ವ್ಯಾಧಿಯಿಂದ ಮೃತನಾದನು. ಅವನ ಲೆಕ್ಕದ ಕಡತಗಳನ್ನು ನಾಲ್ವರು ಸಹೋದ್ಯೋಗಿಗಳು ಪರಿಶೋಧಿಸಿ ೨೦೧೨ರಲ್ಲಿ ಪ್ರಕಟಿಸಿದರು. ಕೆಟಲ್‌ವೆಲ್ಲನ ನಿರ್ಣಯವು ನಿಂತಿತು. ಅವನ ಲೋಪಗಳೂ ಲೋಪಗಳಾಗಿಯೇ ನಿಂತವು. ಮೃತನಾದ ಒಬ್ಬನ ಕೆಲಸವನ್ನು ಮೃತನಾದ ಇನ್ನೊಬ್ಬನ ಕೆಲಸವು ಸಮರ್ಥಿಸಿದ ಈ ಸಂಗತಿಯಲ್ಲಿ ಕಲಿಯತಕ್ಕುದು ಇಷ್ಟು. ತಪ್ಪನ್ನು ಮೊದಲು ಎತ್ತಿ ತೋರಿಸಿದವನೇ ಸತ್ಯವನ್ನು ಕೊನೆಗೆ ಕಾಪಾಡಿದವನು. ಸ್ವಪಕ್ಷದ ದೋಷವನ್ನು ಮುಚ್ಚಿಟ್ಟಿದ್ದರೆ ಅವನ ಮಾತನ್ನು ಯಾರು ನಂಬುತ್ತಿದ್ದರು?

೨೦೧೬ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಪಂಡಿತರು ಪತಂಗವು ಕಪ್ಪಾದುದರ ಮೂಲವನ್ನೇ ಕಂಡುಹಿಡಿದರು. ವಂಶವಾಹಿನಿಯ ಸೂತ್ರದಲ್ಲಿ ಸುಮಾರು ೨೨,೦೦೦ ಅಕ್ಷರಗಳಷ್ಟು ಉದ್ದದ ಒಂದು ತುಂಡು, ಕಾರ್ಟೆಕ್ಸ್ ಎಂಬ ಜೀನಿನ ನಡುವೆ ಹೊಕ್ಕಿದ್ದಿತು. ಇದು ೧೮೧೯ರ ಸುಮಾರಿನಲ್ಲಿ ನಡೆದಿರಬೇಕೆಂದು ಅವರು ಗಣಿಸಿದರು. ಅದೇ ಪ್ರದೇಶವೇ ಅಮೆಜಾನ್ ಸೀಮೆಯ ಉಜ್ಜ್ವಲವರ್ಣದ ಚಿಟ್ಟೆಗಳ ರೆಕ್ಕೆಯ ಪಟ್ಟೆಗಳನ್ನೂ ನಿಯಮಿಸುವುದೆಂದು ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬೇರೊಂದು ಲೇಖನವು ತಿಳಿಸಿತು. ೨೦೨೪ರ ಸಂಶೋಧನೆಗಳಾದರೋ ಆ ಪ್ರದೇಶದಲ್ಲಿ ನಿಜವಾಗಿ ಕೆಲಸ ಮಾಡುವುದು ಕಾರ್ಟೆಕ್ಸ್ ಅಲ್ಲ, ಅದರ ನೆರೆಯಲ್ಲಿರುವ ಆರ್‌ಎನ್‌ಎ ಎಂದು ತಿದ್ದಿದವು. ಹೇಗೂ, ಮರೆಸುವ ಬಣ್ಣವನ್ನೂ ಮೆರೆಸುವ ಬಣ್ಣವನ್ನೂ ಬರೆಯುವ ಲೇಖನಿ ಒಂದೇ ಎಡೆಯಲ್ಲಿರುವುದು. ೧೮೪೮ರಲ್ಲಿ ಬೇರೆ ಬೇರೆಯಾದ ಎರಡು ಕಥೆಗಳು ಇಲ್ಲಿ ಕೂಡಿದವು.

ಈ ಚರಿತ್ರೆಗೆ ಕರ್ಣಾಟಕದ ಪಾಲೂ ಇಲ್ಲದಿಲ್ಲ. ಕರಿಬೇವು ನಿಂಬೆಗಳ ಎಲೆಗಳನ್ನು ತಿಂದು ಬೆಳೆಯುವ ಕಾಮನ್ ಮಾರ್ಮನ್ ಎಂಬ ಕರಿಯ ಚಿಟ್ಟೆಯು ನಮ್ಮ ಹಿತ್ತಲುಗಳಲ್ಲಿ ಸರ್ವಸಾಧಾರಣ. ಗಂಡಿನ ಹಿಂದಿನ ರೆಕ್ಕೆಗಳಲ್ಲಿ ಬಿಳಿಯ ಬೊಟ್ಟುಗಳ ಒಂದು ಸಾಲಿರುವುದು. ಹೆಣ್ಣುಗಳಲ್ಲಿ ಕೆಲವು ಗಂಡನ್ನೇ ಹೋಲುವುವು. ಕೆಲವು ಕಾಮನ್ ರೋಸ್ ಎಂಬ ಚಿಟ್ಟೆಯನ್ನು, ಮತ್ತೆ ಕೆಲವು ಕ್ರಿಮ್ಸನ್ ರೋಸ್ ಎಂಬುದನ್ನು ಹೋಲುವುವು. ಈ ರೋಸ್ ಚಿಟ್ಟೆಗಳ ಮರಿಗಳು ಈಶ್ವರೀಬಳ್ಳಿಯ ಜಾತಿಯ ವಿಷವುಳ್ಳ ಎಲೆಗಳನ್ನು ತಿಂದು ಬೆಳೆಯುವುದರಿಂದ ಹಕ್ಕಿಗಳು ಅವನ್ನು ಬಿಡುವುವು. ಮೂರು ರೂಪದ ಈ ಹೆಣ್ಣುಗಳು ಒಂದೇ ಜಾತಿಯವೆಂದು ವಾಲೇಸನು ೧೮೬೫ರಲ್ಲಿಯೇ ವಿವರಿಸಿದ್ದನು. ಹೆಣ್ಣುಗಳೆಲ್ಲವೂ ಏಕೆ ವೇಷ ಹಾಕುವುದಿಲ್ಲವೆಂದರೆ, ಖೋಟಾ ನಾಣ್ಯಗಳು ಹೆಚ್ಚಾದ ಪೇಟೆಯಲ್ಲಿ ಯಾರೂ ನಾಣ್ಯವನ್ನೇ ನಂಬುವುದಿಲ್ಲ. ವೇಷದವು ಹೆಚ್ಚಾದರೆ ಹಕ್ಕಿಗಳು ಆ ಬಣ್ಣಕ್ಕೆ ಅಂಜವು. ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ಭೇದವನ್ನು ಮಾಡುವ ಸೂತ್ರವು ಯಾವುದೆಂಬುದು ಒಂದೂವರೆ ಶತಮಾನ ಗೂಢವಾಗಿದ್ದಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಅವರ ಅಮೆರಿಕದ ಸಹೋದ್ಯೋಗಿಗಳೂ, ಗಂಡು ಹೆಣ್ಣುಗಳ ಭೇದವನ್ನು ನಿಯಮಿಸುವ ಡಬಲ್‌ಸೆಕ್ಸ್ ಎಂಬ ಒಂದೇ ಜೀನು ಈ ಕೆಲಸವನ್ನೂ ಮಾಡುವುದೆಂದು ೨೦೧೪ರಲ್ಲಿ ತೋರಿಸಿಕೊಟ್ಟರು.

ಈ ವೇಷವನ್ನು ಭೇದಿಸಲು ಹಕ್ಕಿಗೆ ಸಾಧ್ಯವಾಗದಿದ್ದರೂ ಮನುಷ್ಯನಿಗೆ ಒಂದು ಉಪಾಯವಿದೆ. ಮಳೆಗಾಲ ಕಳೆದ ಮೇಲೆ ಹಿತ್ತಲಿನ ಹೂಗಳ ಮೇಲೆ ಕೆಂಪು ಬಿಳುಪು ಬೊಟ್ಟುಗಳ ಕರಿಯ ಚಿಟ್ಟೆಯು ಕುಳಿತಾಗ ರೆಕ್ಕೆಯನ್ನು ಬಿಟ್ಟು ಅದರ ಮೈಯನ್ನು ನೋಡಬೇಕು. ಮೈ ಕೆಂಪಾಗಿದ್ದರೆ ಅದು ನಿಜವಾದ ವಿಷದ ಚಿಟ್ಟೆ. ಮೈ ಕಪ್ಪಾಗಿದ್ದರೆ, ಅದು ಕರಿಬೇವಿನ ಗಿಡವನ್ನು ಹುಡುಕಿಕೊಂಡು ಬಂದ ವೇಷಧಾರಿಣಿ.